ಮನೆ ಮಕ್ಕಳಿಗೊಂದು ರೇಟು, ಹೊರಗಿನವರಿಗೊಂದು ರೇಟು!

ಕರ್ನಾಟಕದ ಸೀಟು ಮೊದಲು ಕರ್ನಾಟಕದ ಮಕ್ಕಳಿಗೆ ಎಂದು ನಾವು ಬಾಯಿ ತೆರೆದರೆ ಸಾಕು, 'ಸಂಕುಚಿತ ಮನಸ್ಸಿನವರು' ಎಂಬ ಬಿರುದು ಸಿದ್ಧವಾಗಿರುತ್ತದೆ. ಈ ಬಿರುದು ದಯಪಾಲಿಸುವ ಮಹನೀಯರೇ ತಮ್ಮ ಮಕ್ಕಳನ್ನು ಅಮೆರಿಕಕ್ಕೆ ಕಳಿಸಲು ವೀಸಾ ಕ್ಯೂನಲ್ಲಿ ನಿಂತಿರುತ್ತಾರೆ. ಹಾಗಾದರೆ ಆ ವಿಶಾಲ ಹೃದಯದ ಅಮೆರಿಕದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಹೇಗೆ ನಡೆಯುತ್ತವೆ? ಇವತ್ತು ಅದರ ಲೆಕ್ಕ ಬಿಡಿಸೋಣ.

ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಇಳಿದವನು. ದೊಡ್ಡ ಓದು ನನಗಿಲ್ಲ. ಆದರೆ ಕೊಟೇಶನ್ ಓದುವುದು ಚೆನ್ನಾಗಿ ಗೊತ್ತು. ವಿದೇಶಿ ಓದಿನ ಏಜೆಂಟರ ಹ್ಯಾಂಡ್‌ಬಿಲ್ಲುಗಳು ನನ್ನ ಮಷೀನಿನ ಮೇಲೂ ಹಾದು ಹೋಗಿವೆ. 'ಲಕ್ಷ ಲಕ್ಷ ಸ್ಕಾಲರ್‌ಶಿಪ್' ಅಂತ ಕೆಂಪು ಅಕ್ಷರದಲ್ಲಿ ದಪ್ಪಗೆ ಇರುತ್ತದೆ. ಒಟ್ಟು ಫೀಸು ಎಷ್ಟು, ಕಳೆದ ಮೇಲೆ ನಮ್ಮಪ್ಪ ಕಟ್ಟಬೇಕಾದ್ದು ಎಷ್ಟು ಅನ್ನುವುದು ಸಣ್ಣ ಅಕ್ಷರದಲ್ಲೂ ಇರುವುದಿಲ್ಲ. ನೂರು ರೂಪಾಯಿಯ ಕೆಲಸಕ್ಕೆ ಇನ್ನೂರು ಹೇಳಿ 'ನಿಮಗಾಗಿ ಅರವತ್ತು ಬಿಟ್ಟಿದ್ದೇನೆ ಸಾರ್' ಅನ್ನುವ ವ್ಯಾಪಾರ ನಮ್ಮ ಕಸುಬಿನಲ್ಲೂ ಉಂಟು. ಗಿರಾಕಿ ಖುಷಿಯಿಂದ ನಲವತ್ತು ಹೆಚ್ಚಿಗೆ ಕೊಟ್ಟು ಹೋಗುತ್ತಾನೆ.

ಮೊದಲು ಮೂಲ ಸಂಗತಿ. ಅಮೆರಿಕದ ಪ್ರತಿ ರಾಜ್ಯಕ್ಕೂ ತನ್ನದೇ ಸರ್ಕಾರಿ ವಿಶ್ವವಿದ್ಯಾಲಯಗಳಿವೆ. ಅಲ್ಲಿ ಸಾಮಾನ್ಯವಾಗಿ ಎರಡು ರೇಟು. ರಾಜ್ಯದ ಮಕ್ಕಳಿಗೆ ಒಂದು, ಹೊರರಾಜ್ಯದವರಿಗೆ ಇನ್ನೊಂದು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 2024-25ರಲ್ಲಿ ಮಿಶಿಗನ್ ಮಗುವಿಗೆ ವರ್ಷದ ಬೋಧನಾ ಶುಲ್ಕ ಸುಮಾರು 18 ಸಾವಿರ ಡಾಲರ್. ಪಕ್ಕದ ಒಹಾಯೋ ರಾಜ್ಯದಿಂದ ಬಂದ ಮಗುವಿಗೆ ಸುಮಾರು 60 ಸಾವಿರ! ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ ಒಂದು ವರ್ಷಕ್ಕೆ 51 ಲಕ್ಷ. ಊಟ, ಕೊಠಡಿ ಬೇರೆ. ಅದೇ ದೇಶ, ಅದೇ ಪಾಸ್‌ಪೋರ್ಟು, ಅದೇ ಬೆಂಚು. ರೇಟು ಮಾತ್ರ ಮೂರು ಪಟ್ಟು. ಜೊತೆಗೆ 2018ರಿಂದ ಮಿಶಿಗನ್‌ನ ಬಡ ಮನೆಗಳ ಮಕ್ಕಳಿಗೆ ಬೋಧನಾ ಶುಲ್ಕವೇ ಇಲ್ಲ. ಮೊದಲು ವರ್ಷಕ್ಕೆ 65 ಸಾವಿರ ಡಾಲರ್ ಇದ್ದ ಆದಾಯದ ಮಿತಿಯನ್ನು ಆಮೇಲೆ ಏರಿಸಿದ್ದಾರೆ. ಈ ಸೌಲಭ್ಯ ಯಾರಿಗೆ? ಮಿಶಿಗನ್‌ನವರಿಗೆ ಮಾತ್ರ.

ಇದಕ್ಕೆ ಅವರು ಕೊಡುವ ಕಾರಣ ಸರಳ. ನಮ್ಮ ರಾಜ್ಯದವರು ತೆರಿಗೆ ಕಟ್ಟಿ ಕಟ್ಟಿಸಿದ ವಿಶ್ವವಿದ್ಯಾಲಯ ಇದು, ನಮ್ಮ ಮಕ್ಕಳಿಗೆ ಮೊದಲ ಹಕ್ಕು. ಅಲ್ಲಿ ಯಾರೂ ಇದನ್ನು ಪ್ರಾದೇಶಿಕತೆ ಎಂದು ಬಯ್ಯುವುದಿಲ್ಲ. ಅವರ ಸುಪ್ರೀಂ ಕೋರ್ಟು ಕೂಡ 1973ರಲ್ಲಿ, ರಾಜ್ಯದಲ್ಲಿ ನಿಜವಾಗಿ ನೆಲೆಸಿರುವುದನ್ನು ತೋರಿಸಿಕೊಡಲು ವಿದ್ಯಾರ್ಥಿಗೆ ಅವಕಾಶ ಇರಲೇಬೇಕು ಎಂದಿತು. ಆದರೆ ರಾಜ್ಯದವರಿಗೆ ಕಡಿಮೆ ಶುಲ್ಕ ಇಡುವುದು ತಪ್ಪು ಎನ್ನಲಿಲ್ಲ.

ಇನ್ನು ಸ್ಕಾಲರ್‌ಶಿಪ್ಪಿನ ಕಥೆ. ಹೊರಗಿನ ಬುದ್ಧಿವಂತ ಮಕ್ಕಳಿಗೆ ಈ ರಾಜ್ಯಗಳು ಮೂರು ಥರದ ಮುಖ ತೋರಿಸುತ್ತವೆ.

ಮೊದಲನೆಯದು ಹೆಸರಿನ ಅಂಗಡಿ. ಇಲ್ಲಿ ಚೌಕಾಸಿ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲಿಸ್ ಕ್ಯಾಂಪಸ್ಸುಗಳಿಗೆ 2025ರಲ್ಲಿ ಪದವಿಗೆ ಹೊಸದಾಗಿ ಸೇರಿದ ಹೊರಗಿನವರು, ಒಳಗಿನವರ ಶುಲ್ಕದ ಮೇಲೆ ವರ್ಷಕ್ಕೆ 37 ಸಾವಿರ ಡಾಲರಿಗೂ ಹೆಚ್ಚು ಕಟ್ಟಬೇಕು. ಮೆರಿಟ್ ರಿಯಾಯಿತಿ ಸಿಗುವುದು ಬಹಳ ಅಪರೂಪ. ಹೆಸರು ಬೇಕಾದರೆ ದುಡ್ಡು ಎಣಿಸು, ಅಷ್ಟೆ.

ಎರಡನೆಯದು ರಿಯಾಯಿತಿ ಅಂಗಡಿ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಒಳಗಿನವರಿಗೆ ಸುಮಾರು 12 ಸಾವಿರ ಡಾಲರ್, ಹೊರಗಿನವರಿಗೆ ಸುಮಾರು 34 ಸಾವಿರ. ಆದರೆ ಪರೀಕ್ಷೆಯಲ್ಲಿ ಒಳ್ಳೆ ಅಂಕ ಇರುವ ಹೊರರಾಜ್ಯದ ಹುಡುಗರಿಗೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 28 ಸಾವಿರ ಡಾಲರಿನ ತನಕ ಬಿಟ್ಟುಕೊಟ್ಟಿದೆ. ಉಳಿದದ್ದು 6 ಸಾವಿರ! ಯಾವ ಸ್ಕಾಲರ್‌ಶಿಪ್ಪೂ ಇಲ್ಲದ ಅಲಬಾಮಾದ ಮಗು ಕಟ್ಟುವುದರ ಅರ್ಧ. ಇದೇನು ದಾನವೇ? ಅಲ್ಲ ಸ್ವಾಮಿ. ಒಳ್ಳೆ ಅಂಕದವರು ಬಂದರೆ ವಿಶ್ವವಿದ್ಯಾಲಯದ ಹೆಸರು ಮೇಲೇರುತ್ತದೆ, ಹೆಸರು ಏರಿದರೆ ಪೂರ್ತಿ ಫೀಸು ಕಟ್ಟುವವರೂ ಹುಡುಕಿಕೊಂಡು ಬರುತ್ತಾರೆ. ಈಗ ಅಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಹೊರಗಿನವರು. ಇದು ಪಕ್ಕಾ ವ್ಯಾಪಾರ.

ಮೂರನೆಯದು ಬೀಗ ಹಾಕಿದ ಮನೆ. ನಾರ್ತ್ ಕ್ಯಾರೊಲಿನಾ 1986ರಲ್ಲೇ ತನ್ನ ವಿಶ್ವವಿದ್ಯಾಲಯಗಳ ಮೊದಲ ವರ್ಷದ ತರಗತಿಯಲ್ಲಿ ಹೊರಗಿನವರಿಗೆ ಶೇಕಡಾ 18ರ ಮಿತಿ ಹಾಕಿತು. ಕ್ಯಾಲಿಫೋರ್ನಿಯಾ ಕೂಡ 2017ರಲ್ಲಿ ಇಂಥ ಮಿತಿ ತಂದಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ ಪದವಿಯ ಮೊದಲ ವರ್ಷದ ಶೇಕಡಾ 90 ಸೀಟು ಟೆಕ್ಸಾಸಿನವರಿಗೆ. ಜಾರ್ಜಿಯಾ 1993ರಿಂದ ಲಾಟರಿ ಹಣದಲ್ಲಿ ತನ್ನ ಮಕ್ಕಳಿಗೆ ಮೆರಿಟ್ ಸ್ಕಾಲರ್‌ಶಿಪ್ ಕೊಡುತ್ತಿದೆ. ಹೊರಗಿನವರಿಗೆ ಅದು ಇಲ್ಲ.

ಟೆಕ್ಸಾಸಿನಲ್ಲಿ ಒಂದು ಕಿಟಕಿಯೂ ಇದೆ, ಎಂ.ಎಸ್. ಮಾಡಲು ಹೊರಟವರು ಇದನ್ನು ಗಮನಿಸಬೇಕು. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯ ಸ್ಪರ್ಧೆಯ ಮೇಲೆ ಕೊಡುವ ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಗೆದ್ದರೆ, ಹೊರಗಿನ ವಿದ್ಯಾರ್ಥಿಗೂ ಒಳಗಿನವರ ರೇಟು ಹಾಕಲು ಕಾನೂನಿನಲ್ಲಿ ಅವಕಾಶವಿದೆ. ವಿದೇಶಿಯರಿಗೂ ಇದು ಅನ್ವಯಿಸುತ್ತದೆ. ಇಷ್ಟೇ ಜನಕ್ಕೆ ಎಂಬ ಮಿತಿಯಂತೂ ಇದೆ. ಆದರೂ ಲೆಕ್ಕ ನೋಡಿ. ಬೇರೆ ಕಡೆ ಸಿಗುವ 10 ಸಾವಿರ ಡಾಲರಿನ ಸ್ಕಾಲರ್‌ಶಿಪ್ಪಿಗಿಂತ ಈ ಸಾವಿರ ಡಾಲರಿನ ಚೀಟಿಯೇ ಹೆಚ್ಚು ಉಳಿಸಿಕೊಡಬಹುದು. ಅದಕ್ಕೇ ನಾನು ಹೇಳುವುದು, ಸ್ಕಾಲರ್‌ಶಿಪ್ ಎಷ್ಟು ಅಂತ ಕೇಳಬೇಡಿ, ಕಟ್ಟಬೇಕಾದ್ದು ಎಷ್ಟು ಅಂತ ಕೇಳಿ.

'ಒಂದು ವರ್ಷ ಇದ್ದುಬಿಟ್ಟರೆ ಆಮೇಲೆ ಒಳಗಿನವರ ರೇಟು ಸಿಗುತ್ತೆ' ಎಂದು ಕೆಲವು ಏಜೆಂಟರು ಕಿವಿಯಲ್ಲಿ ಹೂ ಇಡುತ್ತಾರೆ. ನಂಬಬೇಡಿ. ವಿದ್ಯಾರ್ಥಿ ವೀಸಾದಲ್ಲಿ ಹೋದವನು ಓದಲೆಂದೇ ಬಂದವನು, ನೆಲೆಸಲು ಬಂದವನಲ್ಲ ಎಂಬುದು ಸಾಮಾನ್ಯ ನಿಯಮ. ಮೊದಲ ವರ್ಷ ಹೊರಗಿನವ, ಕೊನೆಯ ವರ್ಷವೂ ಹೊರಗಿನವ. ಜೊತೆಗೆ ಸ್ಕಾಲರ್‌ಶಿಪ್ಪು ಒಂದು ವರ್ಷಕ್ಕೋ ಪೂರ್ತಿ ಕೋರ್ಸಿಗೋ, ಅಂಕ ಇಳಿದರೆ ನಿಲ್ಲುತ್ತದೋ, ಫೀಸು ಏರಿದಾಗ ಅದೂ ಏರುತ್ತದೋ, ಇದೆಲ್ಲವನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಮನೆ ಪತ್ರ ಬ್ಯಾಂಕಿಗೆ ಇಡುವುದು ನಿಮ್ಮಪ್ಪ, ಏಜೆಂಟನಲ್ಲ.

ಈ ಪದ್ಧತಿಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಅಮೆರಿಕದಲ್ಲಿ ಕೆಲಸದ ವೀಸಾ ಮೇಲೆ ದುಡಿಯುತ್ತಿರುವ ಕನ್ನಡಿಗರ ಮನೆಗಳಿವೆ. ಮೂರು ವರ್ಷದ ಮಗುವಾಗಿ ಹೋಗಿ ಅಲ್ಲೇ ಬೆಳೆದ ಮಕ್ಕಳು ಆ ಮನೆಗಳಲ್ಲಿದ್ದಾರೆ. ಅಪ್ಪ ಅಮ್ಮ ಅಲ್ಲಿಗೇ ತೆರಿಗೆ ಕಟ್ಟುತ್ತಾರೆ. ಗ್ರೀನ್ ಕಾರ್ಡಿನ ಸಾಲು ಮಾತ್ರ ಕರಗುವುದಿಲ್ಲ, ಒಂದು ದೇಶಕ್ಕೆ ಶೇಕಡಾ 7 ಎಂಬ ಮಿತಿ ಇದೆ. ಮಗುವಿಗೆ 21 ತುಂಬಿದ ದಿನ ತಂದೆ ತಾಯಿಯ ವೀಸಾದ ಆಸರೆ ತಪ್ಪುತ್ತದೆ. ವಿದ್ಯಾರ್ಥಿ ವೀಸಾ ತೆಗೆದುಕೊಳ್ಳಬೇಕು. ಆಗ ಹಲವು ಕಡೆ ಆ ಮಗು ತಾನು ಬೆಳೆದ ಊರಲ್ಲೇ ಹೊರಗಿನವನಾಗಿ ಫೀಸು ಕಟ್ಟಬೇಕಾಗುತ್ತದೆ. ಇದು ನ್ಯಾಯವಲ್ಲ. ಒಳಗಿನವರು ಯಾರು ಎನ್ನುವುದನ್ನು ಬೆಳೆದ ನೆಲದಿಂದ ಅಳೆಯಬೇಕೇ ಹೊರತು ಕಾಗದದಿಂದಲ್ಲ.

ಈಗ ನಮ್ಮ ಮನೆಗೆ ಬನ್ನಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡಾ 25 ಸೀಟು ಎಂದು ರಾಜ್ಯ 2020ರಲ್ಲಿ ಕಾನೂನು ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಆಮೇಲೆ ಆ ಶಾಲೆಯೇ ತನ್ನ ಪ್ರವೇಶ ನೀತಿಯಲ್ಲಿ ಕರ್ನಾಟಕದವರಿಗೆ ಜಾಗ ಮಾಡಿಕೊಟ್ಟಿತು ಅನ್ನುವುದು ಬೇರೆ ಮಾತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸ್ನಾತಕೋತ್ತರ ಸೀಟುಗಳಿಗೆ ನಿವಾಸದ ಮೇಲಿನ ಮೀಸಲಾತಿ ಸಲ್ಲದು ಎಂದಿತು. ಆದರೆ ಇದೇ ಸುಪ್ರೀಂ ಕೋರ್ಟು 1955ರಲ್ಲಿ, ಇಂದೋರಿನ ವೈದ್ಯಕೀಯ ಕಾಲೇಜು ಹೊರರಾಜ್ಯದವರಿಂದ ಮಾತ್ರ ಹೆಚ್ಚುವರಿ ಶುಲ್ಕ ವಸೂಲಿ ಮಾಡಿದ್ದನ್ನು ಎತ್ತಿಹಿಡಿದಿತ್ತು. ಅಂದರೆ ಎರಡು ರೇಟಿನ ಪದ್ಧತಿ ಈ ದೇಶಕ್ಕೂ ಹೊಸದಲ್ಲ!

ನಮ್ಮ ಸಿಇಟಿಯಲ್ಲಿ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು ಎಂಬ ನಿಯಮ ಇದೆಯಲ್ಲ, ಅದು ಯಾರೋ ಹಾಕಿದ ಭಿಕ್ಷೆಯಲ್ಲ, ನಮ್ಮ ತೆರಿಗೆಯ ಹಕ್ಕು. ಅದು ಜಾತಿ ಕೇಳುವುದಿಲ್ಲ, ಹುಟ್ಟೂರು ಕೇಳುವುದಿಲ್ಲ. ಇಲ್ಲಿ ಬಂದು, ನೆಲೆಸಿ, ನಮ್ಮ ಶಾಲೆಯಲ್ಲಿ ಬೆಳೆದ ಬಿಹಾರದ ಕೂಲಿಯವನ ಮಗಳೂ ನಮ್ಮ ಮನೆ ಮಗಳೇ. ಅಮೆರಿಕ ಆ ಕನ್ನಡದ ಮಗುವಿಗೆ ಮಾಡುವ ಅನ್ಯಾಯವನ್ನು ನಾವು ಯಾರಿಗೂ ಮಾಡಬಾರದು. ಇಲ್ಲಿ ನೆಲೆಸದೆ, ಸೀಟು ಹಿಡಿದು, ಓದಿ ಮುಗಿಸಿ ಬಸ್ಸು ಹತ್ತುವವರಿಗೂ ಅದೇ ರೇಟು ಯಾಕೆ ಎಂದು ಕೇಳಲು ಮಾತ್ರ ನಾಚಿಕೆ ಬೇಡ.

ಕನ್ನಡದ ಹುಡುಗ ಹುಡುಗಿಯರೇ, ಹೊರಗೆ ಓದಲು ಹೋಗುವುದಾದರೆ ಧೈರ್ಯವಾಗಿ ಹೋಗಿ. ಆದರೆ ಹ್ಯಾಂಡ್‌ಬಿಲ್ಲಿನ ಕೆಂಪು ಅಕ್ಷರ ನೋಡಿ ಹೋಗಬೇಡಿ, ಕೊಟೇಶನ್ನಿನ ಕೊನೆಯ ಸಾಲು ನೋಡಿ ಹೋಗಿ. ಮುಂದಿನ ಸಲ ಯಾರಾದರೂ ನಿಮ್ಮನ್ನು ಸಂಕುಚಿತರು ಎಂದರೆ, ಮಿಶಿಗನ್ನಿನ ಎರಡು ರೇಟುಗಳನ್ನು ಬರೆದು ಅವರ ಕೈಗೆ ಕೊಡಿ.