ಮನೆಗೆ ಮೊದಲು ಬಡಾವಣೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವುದನ್ನೂ ಇಂದು ಆ ಸಾಲಿಗೆ ಸೇರಿಸಬಹುದು. ಮಗನಿಗೋ ಮಗಳಿಗೋ ಅಲ್ಲಿ ನೌಕರಿ ದೊರೆತೊಡನೆ ಹಿಂದೆಲ್ಲ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ, 'ಕಚೇರಿಗೆ ಎಷ್ಟು ದೂರ?' ಎಂಬುದು. ಮಾರ್ಚ್ 2020ರ ಲಾಕ್‌ಡೌನ್ ನಂತರ ಆ ಪ್ರಶ್ನೆಯ ತೂಕ ತಗ್ಗಿದೆ. ಅಂದು ಮನೆಗೆ ಬಂದ ಕಚೇರಿಯ ಕೆಲಸ ಅನೇಕರ ಪಾಲಿಗೆ ಪೂರ್ತಿಯಾಗಿಯೋ, ವಾರದ ಕೆಲವು ದಿನಗಳ ಮಟ್ಟಿಗೋ ಮನೆಯಲ್ಲೇ ಉಳಿದಿದೆ. ದೂರದ ಚಿಂತೆ ಕಳೆದ ಮೇಲೆ, ಬಾಡಿಗೆ ಎಲ್ಲಿ ಕಡಿಮೆಯೋ ಅಲ್ಲಿರಬಹುದೆಂದು ತರುಣರು ಲೆಕ್ಕ ಹಾಕುವುದು ಸಹಜ. ಆದರೆ ಆ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗುತ್ತದೆ.

ಕಚೇರಿಯು ಸಂಬಳದ ಜೊತೆಗೆ ಬೇರೆ ಎಷ್ಟನ್ನೋ ಕೊಡುತ್ತಿತ್ತು. ಹಗಲೆಲ್ಲ ನೀರು, ಬೆಳಕು, ತಡೆಯಿಲ್ಲದ ವಿದ್ಯುತ್ತು, ಮಧ್ಯಾಹ್ನದ ಊಟಕ್ಕೆ ಜೊತೆ, ಹೋಗಿಬರುವ ನೆಪದಲ್ಲಿ ಒಂದಿಷ್ಟು ನಡಿಗೆ, ಮುಖ ಬಾಡಿದ್ದರೆ 'ಏನಾಯಿತು?' ಎಂದು ವಿಚಾರಿಸುವ ಒಂದು ದನಿ, ಇವೆಲ್ಲ ಅಲ್ಲಿ ತಾವಾಗಿ ದೊರೆಯುತ್ತಿದ್ದವು. ಮನೆಯಿಂದಲೇ ದುಡಿಯುವವರಿಗೆ ಇವಿಷ್ಟನ್ನೂ ಇನ್ನು ವಾಸದ ಬಡಾವಣೆಯೇ ಒದಗಿಸಬೇಕು. ಆದ್ದರಿಂದ ಮನೆಯನ್ನು ನೋಡುವ ಮೊದಲು ಬಡಾವಣೆಯನ್ನು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು ನೀರು. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಯಂತ್ರಗಳ ಮೂಲಕ ಮೇಲೆತ್ತಿ ತರಬೇಕಾಗಿದೆ. 2007ರಲ್ಲಿ ನಗರದ ಆಡಳಿತಕ್ಕೆ ಸೇರಿದ 110 ಹಳ್ಳಿಗಳು ಬಹುಕಾಲ ಕೊಳವೆಬಾವಿ, ಟ್ಯಾಂಕರುಗಳನ್ನೇ ನಂಬಿದ್ದವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹೊರವಲಯದ ನಿವಾಸಿಗಳು ಪಟ್ಟ ಪಾಡನ್ನು ನಾಡೆಲ್ಲ ಕಂಡಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡಿತು. ಆದರೂ ಬೀದಿಗೆ ಕೊಳವೆ ಬಂದ ಮಾತ್ರಕ್ಕೆ ಮನೆಗೆ ನೀರು ಬಂದಂತಾಗದು. ಕಾವೇರಿ ಸಂಪರ್ಕವಿದೆಯೇ, ವಾರಕ್ಕೆ ಎಷ್ಟು ದಿನ ನೀರು, ಟ್ಯಾಂಕರಿನ ಖರ್ಚು ಯಾರದು ಎಂಬ ಮೂರು ಮಾತುಗಳನ್ನು ಮಾಲೀಕರನ್ನು ಕೇಳಿದ ಮೇಲೆ ನೆರೆಮನೆಯ ಗೃಹಿಣಿಯರನ್ನೂ ಕೇಳುವುದು ಲೇಸು.

ಎರಡನೆಯದು ನೆಲದ ಇಳಿಜಾರು. ಇಂದಿನ ಕೆಂಪೇಗೌಡ ಬಸ್ ನಿಲ್ದಾಣ ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಾಗಿತ್ತು. ಕೆರೆ ಹೋದರೂ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. ಸೆಪ್ಟೆಂಬರ್ 2022ರಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಮಳೆನೀರು ನುಗ್ಗಿ, ದುಬಾರಿ ಮನೆಗಳವರನ್ನೂ ಟ್ರಾಕ್ಟರು, ದೋಣಿಗಳಲ್ಲಿ ಸಾಗಿಸಬೇಕಾಯಿತು. ಮನೆಯೇ ಕಚೇರಿಯಾದವರಿಗೆ ಇಂಥ ದಿನ ವಾಸದ ಜೊತೆಗೆ ದುಡಿಮೆಯೂ ನಿಲ್ಲುತ್ತದೆ. ಸಾಧ್ಯವಾದರೆ ಮಳೆ ಬಂದ ಮರುದಿನವೇ ಹೋಗಿ ಬೀದಿಯನ್ನು ನೋಡಿ ಬರಬೇಕು.

ಮೂರನೆಯದು, ಎಲ್ಲಕ್ಕೂ ಮುಖ್ಯವಾದುದು, ಜನರ ಒಡನಾಟ. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳನ್ನು ಗಾಳಿ ಬೆಳಕಿಗೆ ಅನುಕೂಲವಾಗುವಂತೆ ನೇರ ಬೀದಿಗಳಿಟ್ಟು ರೂಪಿಸಿದರು. ಅಲ್ಲಿ ಮಾರುಕಟ್ಟೆ, ಉದ್ಯಾನ, ದೇವಾಲಯಗಳಿಗೆ ಇಂದಿಗೂ ನಡೆದೇ ಹೋಗಬಹುದು. ಅಲ್ಲಿನ ಬಾಡಿಗೆ ಎಲ್ಲರಿಗೂ ಎಟುಕದಿದ್ದರೂ ಅವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ತರಕಾರಿ ಅಂಗಡಿ, ವೈದ್ಯರು, ಕುಳಿತುಕೊಳ್ಳಲು ಒಂದು ಉದ್ಯಾನ ಹತ್ತು ನಿಮಿಷದ ನಡಿಗೆಯೊಳಗೆ ಇವೆಯೇ ಎಂದು ನೋಡಬೇಕು. ಬೆಳಗಿನಿಂದ ರಾತ್ರಿಯವರೆಗೆ ಪರದೆಯ ಮುಂದೆ ಕುಳಿತು, ಬಾಗಿಲಿಗೆ ಬಂದ ಊಟವನ್ನು ಉಂಡು, ಎದುರಿಗಿರುವ ಒಬ್ಬರೊಡನೆಯೂ ಮಾತನಾಡದೆ ದಿನಗಳನ್ನು ಕಳೆಯುವ ಮಕ್ಕಳಿದ್ದಾರೆ. ಊರಿನಿಂದ ಫೋನು ಹೋದಾಗ ಅವರು 'ಚೆನ್ನಾಗಿದ್ದೇನೆ' ಎನ್ನುತ್ತಾರೆ, ತಾಯಿತಂದೆಯರು ನಂಬುತ್ತಾರೆ. ಬಾಡಿಗೆಯಲ್ಲಿ ಉಳಿದ ಹಣ ಆ ಒಂಟಿತನದ ನಷ್ಟವನ್ನು ತುಂಬಿಕೊಡಲಾರದು.

ಮನೆಯಿಂದ ಕೆಲಸವೆಂಬುದು ಶಾಶ್ವತವೆಂದೂ ಭಾವಿಸಬಾರದು. ಈಚಿನ ವರ್ಷಗಳಲ್ಲಿ ಹಲವು ಕಂಪನಿಗಳು ನೌಕರರನ್ನು ಮರಳಿ ಕರೆದಿವೆ. ಹೀಗಾಗಿ ಮೆಟ್ರೋ ನಿಲ್ದಾಣ ಸಮೀಪವಿದ್ದರೆ ಒಳಿತು. 2023ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, 2025ರ ಆಗಸ್ಟಿನಿಂದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ರೈಲು ಓಡುತ್ತಿದೆ. ಮೊದಲ ವರ್ಷವೇ ಸಾಲ ಮಾಡಿ ಫ್ಲ್ಯಾಟ್ ಕೊಳ್ಳುವ ಆತುರ ಬೇಡ. ರೂಢಿಯಲ್ಲಿರುವ 11 ತಿಂಗಳ ಬಾಡಿಗೆ ಕರಾರು, ಒಂದು ಬಡಾವಣೆಯನ್ನು ಎಲ್ಲ ಋತುಗಳಲ್ಲೂ ಪರೀಕ್ಷಿಸಲು ಸಾಕು.

ಊರಿನಲ್ಲಿರುವ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ಮನೆ ಹಿಡಿದ ಮೇಲೆ ಒಂದು ವಾರ ಅಲ್ಲಿ ಹೋಗಿದ್ದು ಬನ್ನಿ. ಬಾಡಿಗೆ ಎಷ್ಟು, ಮುಂಗಡ ಎಷ್ಟು ಎಂದು ಕೇಳುವಾಗ, ಪಕ್ಕದ ಮನೆಯವರ ಹೆಸರೇನೆಂದೂ ಕೇಳಿ. ಉತ್ತರ ಬಾರದಿದ್ದರೆ ನೀವೇ ಹೋಗಿ ಪರಿಚಯ ಮಾಡಿಕೊಂಡು, ಮಕ್ಕಳನ್ನೂ ಪರಿಚಯಿಸಿ ಬನ್ನಿ.