ಸುಡದ ಆರ್ಗನ್ನಿಗೆ ಐದು ವರ್ಷದ ರಿಪೇರಿ

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಚಾವಣಿ ಹೊತ್ತಿ ಉರಿದ ವಿಡಿಯೋ ನೀವೂ ನೋಡಿರಬಹುದು. ಒಳಗಿದ್ದ ದೊಡ್ಡ ಆರ್ಗನ್ ಸುಡಲಿಲ್ಲ. ಆದರೂ ಅದು ಮತ್ತೆ ಜನರ ಮುಂದೆ ನುಡಿದದ್ದು 2024ರ ಡಿಸೆಂಬರ್ 7ರಂದು. ಸುಡದೇ ಇದ್ದದ್ದಕ್ಕೆ ಇಷ್ಟು ವರ್ಷ ಯಾಕೆ?

ಆರ್ಗನ್ ಅಂದರೆ ಹಾರ್ಮೋನಿಯಂನ ದೊಡ್ಡಣ್ಣ ಅನ್ನಿ. ಬೆರಳಿನಿಂದ ಮನೆ ಒತ್ತಿದರೆ ತಿದಿಯ ಗಾಳಿ ಕೊಳವೆಗೆ ನುಗ್ಗಿ, ಕೊಳಲಿನ ಹಾಗೆ ಸ್ವರ ಹೊರಡುತ್ತದೆ. ಹಾರ್ಮೋನಿಯಂನಲ್ಲಿ ಕೊಳವೆ ಇಲ್ಲ, ಹಿತ್ತಾಳೆಯ ರೀಡು ಇದೆ. ನೋತ್ರ್ ದಾಮ್‌ನಲ್ಲಿ ಅಂಥ ಕೊಳವೆಗಳು ಸುಮಾರು 8,000. ಕೆಲವು ತೆಂಗಿನ ಮರದೆತ್ತರ, ಕೆಲವು ಪೆನ್ಸಿಲ್ಲಿಗಿಂತ ಚಿಕ್ಕವು. ಚಾವಣಿಗೆ ಹೊದಿಸಿದ್ದ ಸೀಸ ಬೆಂಕಿಗೆ ಕರಗಿ, ವಿಷದ ಧೂಳಾಗಿ ಇವುಗಳ ಮೇಲೆ ಕೂತಿತ್ತು. ಹಾಗಾಗಿ 2020ರಲ್ಲಿ ಇಡೀ ವಾದ್ಯವನ್ನು ಬಿಚ್ಚಿದರು. ಒಂದೊಂದೇ ಕೊಳವೆಯನ್ನು ಒರೆಸಿ, ಕೆಟ್ಟದ್ದನ್ನು ಸರಿಮಾಡಿ, ಮತ್ತೆ ಜೋಡಿಸಿದರು. ಹಗಲು ಕಟ್ಟಡ ಕೆಲಸದ ಸದ್ದು, ಅದಕ್ಕೆ ಶ್ರುತಿ ಕೂಡಿಸಿದ್ದು ರಾತ್ರಿ ಹೊತ್ತು, ತಿಂಗಳುಗಟ್ಟಲೆ.

‘ಒಂದು ಕೀಬೋರ್ಡು, ನಾಲ್ಕು ಸ್ಪೀಕರ್ ತಂದಿದ್ದರೆ ಸಾಲದಿತ್ತಾ?’ ಅಂತ ನಮ್ಮ ಗೆಳೆಯರೊಬ್ಬರು ಕೇಳಿದರು. ಪ್ರಶ್ನೆ ತಪ್ಪಲ್ಲ, ಹಾಡು ಹೇಗೋ ಆಗುತ್ತಿತ್ತು. ಆದರೆ ಕೊಳವೆಯ ತವರ ಬಲ್ಲವರು, ತಿದಿಗೆ ಚರ್ಮ ಕಟ್ಟುವವರು, ಕಿವಿಯಿಂದಲೇ ಶ್ರುತಿ ಹಿಡಿಯುವವರು ಅಲ್ಲಿ ಇನ್ನೂ ಇದ್ದಾರೆ. ಯಾಕೆಂದರೆ ಅವರಿಗೆ ಕೆಲಸ ಸಿಗುತ್ತಿದೆ. ರಿಪೇರಿಗೆ ಕೊಡುವ ದುಡ್ಡು ಬರೀ ವಸ್ತುವಿಗೆ ಹೋಗುವುದಿಲ್ಲ, ಆ ಕೈಗಳಿಗೆ ಹೋಗುತ್ತದೆ.

ನಮ್ಮ ಹಾರ್ಮೋನಿಯಂ ಕೂಡ ಅದೇ ಪ್ಯಾರಿಸ್ಸಿನದು. ದೆಬ್ಯಾಂ ಎಂಬಾತ 1842ರಲ್ಲಿ ಅಲ್ಲಿ ಅದರ ಪೇಟೆಂಟ್ ಪಡೆದ. ಆಮೇಲೆ ಅದು ನಮ್ಮ ನಾಟಕ ಕಂಪನಿಗಳಿಗೆ ಬಂತು, ಹಳ್ಳಿಯ ಪೌರಾಣಿಕ ನಾಟಕಕ್ಕೂ ಬಂತು. ಹಾರ್ಮೋನಿಯಂ ಮೇಷ್ಟ್ರು ಇಲ್ಲದೆ ಭೀಮನೂ ಬಾಯಿ ಬಿಡುತ್ತಿರಲಿಲ್ಲ!

ನಮ್ಮೂರ ದೇವಸ್ಥಾನದ ಅಟ್ಟದಲ್ಲಿ ಒಂದು ಕಾಲು ಹಾರ್ಮೋನಿಯಂ ಇದೆ. ತಿದಿಯನ್ನು ಇಲಿ ಕಡಿದಿದೆ, ಅಷ್ಟೇ. ಹೋದ ಹಬ್ಬದ ನಾಟಕಕ್ಕೆ ಬಾಡಿಗೆ ಕೀಬೋರ್ಡು ತರಿಸಿದೆವು, ಈ ವರ್ಷವೂ ಅದೇ ಮಾತು ನಡೆದಿದೆ. ಬಾಡಿಗೆಗೆ ಅಡ್ವಾನ್ಸ್ ಕೊಡುವ ಮೊದಲು ಆ ಪೆಟ್ಟಿಗೆಯನ್ನು ಕೆಳಗಿಳಿಸಿ, ರಿಪೇರಿ ಬಲ್ಲವರೊಬ್ಬರಿಗೆ ತೋರಿಸೋಣ ಅಂತ ಮುಂದಿನ ಸಭೆಯಲ್ಲಿ ಕೇಳುತ್ತೇನೆ. ಅಟ್ಟದ ಏಣಿ ಮುರಿದಿದೆ ಅನ್ನುತ್ತಾರೆ. ಏಣಿ ನಮ್ಮ ಮನೆಯಿಂದ ತರುತ್ತೇನೆ.