ಚೌಕಾಸಿಗೂ ಮುನ್ನ ಒಂದು ಬಾನೆಟ್ ಉಜ್ಜಿ ನೋಡಿ

ನಮ್ಮ ಮನೆಯ ಮಾರುತಿ 800 ನನಗಿಂತ ಎರಡು ವರ್ಷ ದೊಡ್ಡದು. ಬಿಸಿಲಿಗೆ ಬಾನೆಟ್‌ನ ಬಣ್ಣ ಎದ್ದು ಹೋಗಿತ್ತು. ಪೀಣ್ಯದ ಒಂದು ಶೆಡ್‌ನಲ್ಲಿ ಪೂರ್ತಿ ಕಾರಿಗೆ ₹25 ಸಾವಿರ ಕೇಳಿದರು. ‘ಬಣ್ಣ ಬಳಿಯೋಕೆ ಇಷ್ಟಾ?’ ಎಂದು ಅಪ್ಪನ ಎದುರೇ ಚೌಕಾಸಿಗಿಳಿದೆ. ಪೇಂಟರ್ ಅಣ್ಣ ನಕ್ಕು, ‘ದುಡ್ಡು ಬಣ್ಣಕ್ಕಲ್ಲ ತಮ್ಮಾ, ಕೈಕೆಲಸಕ್ಕೆ’ ಅಂದರು. ನಾನೇ ಮಾಡ್ತೀನಿ ಎಂದು ಮನೆಗೆ ಬಂದೆ.

ಒಂದು ಡಬ್ಬ ಎನಾಮೆಲ್, ಟರ್ಪೆಂಟೈನ್, ಸ್ಪಂಜಿನ ಸಣ್ಣ ರೋಲರ್, ವಾಟರ್ ಪೇಪರ್ ತಂದೆ. ಬಣ್ಣ ಬದಲಿಸಿದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಹಾಗಾಗಿ ಮೊದಲಿದ್ದ ಬಿಳಿಯೇ ಆಗಲಿ ಎಂದುಕೊಂಡೆ.

ಮೊದಲ ಭಾನುವಾರ ಆಸೆಗೆ ಬಿದ್ದು ದಪ್ಪಗೆ ಹಚ್ಚಿದೆ. ಮೈಯೆಲ್ಲ ಕಿತ್ತಳೆ ಸಿಪ್ಪೆಯಂತಾಯಿತು. ಎನಾಮೆಲ್ ಒಣಗುವುದು ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುವುದರಿಂದ. ದಪ್ಪಗಿದ್ದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿಯಾಗೇ ಇರುತ್ತದೆ. ಎಲ್ಲವನ್ನೂ ಉಜ್ಜಿ ತೆಗೆದೆ. ಆಮೇಲೆ ಬಣ್ಣವನ್ನು ತೆಳುವಾಗಿ ಕಲಸಿ ಒಂದು ಪದರ ಹಚ್ಚುವುದು, ಚೆನ್ನಾಗಿ ಒಣಗಲು ಬಿಡುವುದು, ನೀರು ಹಾಕಿ ಉಜ್ಜುವುದು, ಮತ್ತೆ ಹಚ್ಚುವುದು. ಕೊನೆಗೆ 1000, 1500, 2000 ನಂಬರ್ ಪೇಪರ್, ಮೇಲೆ ರಬ್ಬಿಂಗ್ ಕಾಂಪೌಂಡ್. ನಡುವೆ ಲಾರಿಗಳ ಧೂಳು ಹಸಿ ಬಣ್ಣದ ಮೇಲೆ ಕೂರುತ್ತಿತ್ತು. ಅಂಚುಗಳಲ್ಲಿ ಉಜ್ಜಿದ್ದು ಹೆಚ್ಚಾಗಿ ಎರಡು ಕಡೆ ತಗಡೇ ಕಂಡಿತು. ಬಾನೆಟ್ ಒಂದಕ್ಕೇ ಐದು ಭಾನುವಾರ ಹೋಯಿತು, ಬೆರಳ ತುದಿಯ ಚರ್ಮವೂ ಹೋಯಿತು.

ಹತ್ತಡಿ ದೂರದಿಂದ ಚೆನ್ನಾಗಿದೆ. ಹತ್ತಿರ ಬಂದರೆ ಗುಟ್ಟು ರಟ್ಟು.

ರೋಲರ್ ಕೆಲಸ ದಡ್ಡತನ ಎಂದು ನಾನು ಹೇಳುವುದಿಲ್ಲ. ಖರ್ಚು ಕಡಿಮೆ, ಕಂಪ್ರೆಸರ್ ಬೇಡ, ಮಂಜಿನಂತೆ ಹಾರುವ ಬಣ್ಣವೂ ಇಲ್ಲ. ಆ ಮಂಜು ಸಣ್ಣ ಸಂಗತಿಯಲ್ಲ. ಕಾರಿಗೆ ಹೊಡೆಯುವ ಪಿಯು ಬಣ್ಣದ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದನ್ನು ಉಸಿರಾಡಿದರೆ ಆಸ್ತಮಾ ಬರಬಹುದು. ನಾನು ಹೋದ ಶೆಡ್‌ನಲ್ಲಿ ಮೂಗಿಗೆ ಕಟ್ಟಿದ್ದು ಕರ್ಚೀಫು. ನಾವು ಚೌಕಾಸಿ ಮಾಡಿ ಕಡಿತಗೊಳಿಸುವ ಎರಡು ಸಾವಿರ ಎಲ್ಲಿಂದ ಹೋಗುತ್ತದೆ? ಬಣ್ಣದ ಡಬ್ಬದ ರೇಟು ಇಳಿಯುವುದಿಲ್ಲ. ಇಳಿಯುವುದು ಕೂಲಿ, ಇಲ್ಲವೇ ಬಾರದೇ ಉಳಿಯುವ ಮಾಸ್ಕ್.

ಬಿಇ ಓದುವ ನಾವು ‘ಸರ್ಫೇಸ್ ಫಿನಿಶ್’ ಎಂದರೇನು ಎಂದು ವೈವಾದಲ್ಲಿ ಪಟಪಟ ಹೇಳುತ್ತೇವೆ. ಬೆರಳಿಟ್ಟು ಅದನ್ನು ಗುರುತಿಸಬಲ್ಲವರನ್ನು ‘ಬಣ್ಣ ಬಳಿಯೋರು’ ಅನ್ನುತ್ತೇವೆ. ನಾಳೆ ನಮ್ಮ ಸಂಬಳದ ವಿಷಯದಲ್ಲಿ ಎಚ್‌ಆರ್ ಹೀಗೇ ಚೌಕಾಸಿ ಮಾಡಿದರೆ ನಮಗೆ ಉರಿಯುವುದಿಲ್ಲವೇ?

ಉಳಿದ ಕಾರನ್ನು ಅದೇ ಶೆಡ್‌ಗೆ ಒಯ್ದೆ. ಅಣ್ಣ ನನ್ನ ಬಾನೆಟ್ ಮೇಲೆ ಬೆರಳಾಡಿಸಿ, ‘ಅಂಚಲ್ಲಿ ಅವಸರ ಮಾಡಿದ್ದೀಯ’ ಅಂದರು. ಸರಿಯಾಗಿಯೇ ಹೇಳಿದ್ದರು. ಈ ಸಲ ರೇಟು ಕೇಳಿದೆ, ಚೌಕಾಸಿ ಮಾಡಲಿಲ್ಲ. ಮಾಸ್ಕ್ ಹಾಕ್ಕೊಂಡು ಹೊಡೀರಿ ಅಣ್ಣಾ ಎಂದಷ್ಟೇ ಹೇಳಿ ಬಂದೆ.